ಮಂಡಿ ಸಲುವಾಗಿ ಅದ

ಕನ್ನಡ ಮೇಷ್ಟರುಗಳಿಗೆ ಒಂದು ಕೆಟ್ಟ ಚಟವಿರುತ್ತದೆ. ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ಹೇಗೆ ಹೇಳುತ್ತಿದ್ದಾರೆ ಎನ್ನುವ ಕಡೆಗೇ ನಮ್ಮ ಕಿವಿ. ಮನೆ ಧಗಧಗ ಉರಿಯುತ್ತಿದೆ ಎಂದು ಯಾರಾದರೂ ಕೂಗಿಕೊಂಡು ಬಂದರೆ, ಪಾಪ, ಒಂದು ಮಹಾಪ್ರಾಣ ಬಿಟ್ಟುಬಿಟ್ಟನಲ್ಲ ಎಂದು ಮರುಗುತ್ತ ನಿಲ್ಲುವ ಜನ ನಾವು. ರಾಯಚೂರಿನ ಒಂದು ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ತಿದ್ದುವುದೇ ನನ್ನ ಹೊಟ್ಟೆಪಾಡು. ಅಂಗಡಿಯ ಬೋರ್ಡು, ಮದುವೆ ಕಾರ್ಡು, ಲಾರಿಯ ಹಿಂದೆ ಬರೆಸಿದ ಉಪದೇಶ ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ನನ್ನ ಮೇಲೇ ಬಂದ ಮೂಗರ್ಜಿಯಲ್ಲಿ ಕಾಗುಣಿತ ತಿದ್ದಿ ಪ್ರಾಂಶುಪಾಲರಿಗೆ ವಾಪಸು ಕೊಟ್ಟಿದ್ದೇನೆ. ಇಷ್ಟೆಲ್ಲ ಪ್ರತಾಪವಿದ್ದವನಿಗೆ ಒಬ್ಬರನ್ನು ಮಾತ್ರ ತಿದ್ದಲಾಗಲಿಲ್ಲ. ಈಗಂತೂ ತಿದ್ದುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೇನೆ. ಆ ಒಬ್ಬರು ನಮ್ಮವ್ವ.

ಅವ್ವ ದೇವದುರ್ಗದ ಕಡೆಯ ಅರಕೇರಾದವಳು. ನಮಗೆ ಹೊಲವಿರಲಿಲ್ಲ. ಆದರೆ ಸುತ್ತಲಿನವರ ಹೊಲಗಳಲ್ಲಿ ಅವಳು ಕೂತು ಕಸ ತೆಗೆಯದ ಸಾಲು ಒಂದೂ ಇರಲಿಕ್ಕಿಲ್ಲ. ಮಾನ್ವಿ ಕಡೆ ಕಾಲುವೆಗೆ ನೀರು ಬಿಟ್ಟರೆಂದರೆ ಟ್ರ್ಯಾಕ್ಟರ್ ಹತ್ತಿ ನೆಲ್ಲು ಹಚ್ಚಲು, ಎಂದರೆ ಭತ್ತ ನಾಟಿ ಮಾಡಲು, ಹೋಗುತ್ತಿದ್ದಳು. ಬರುವಾಗ ತಲೆಯ ಮೇಲೆ ಮೇವಿನ ಹೊರೆ ಇದ್ದೇ ಇರುತ್ತಿತ್ತು. ನಾನು ಎಂ.ಎ. ಮುಗಿಸಿದ್ದು, ತಂಗಿ ಶಾಂತಾ ಟೀಚರಾದದ್ದು, ಎರಡೂ ಅವಳ ಮೊಣಕಾಲುಗಳ ಮೇಲೆಯೇ. ಆ ಮೊಣಕಾಲುಗಳು ಈಗ ಮುಷ್ಕರ ಹೂಡಿವೆ. ನೆಲಕ್ಕೆ ಕೂತರೆ ಏಳಲಾಗುವುದಿಲ್ಲ, ಎದ್ದರೆ ನಡೆಯಲಾಗುವುದಿಲ್ಲ. ಹಾಗಾಗಿ ಊರು ಬಿಟ್ಟು ನಮ್ಮ ಮನೆಗೆ ಬಂದು ಟಿವಿಯ ಮುಂದೆ ಕೂತಿದ್ದಾಳೆ.

ಬಂದ ಹೊಸದರಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೈಸೂರು ಸೀಮೆಯವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಂಡಿ ಪೂರ್ತಿ ಸವೆದಿದೆ ಅಮ್ಮಾ, ಎರಡೂ ಬದಲಾಯಿಸಬೇಕು" ಎಂದರು. ಒಳಗೆ ಹೋಗುವಾಗ ಅವ್ವನಿಗಿದ್ದದ್ದು ಮೊಣಕಾಲು. ಹೊರಗೆ ಬರುವಾಗ ಅದು ಮಂಡಿಯಾಗಿತ್ತು. ಅವಳಿಗೆ ಆ ಶಬ್ದ ಬಹಳ ಹಿಡಿಸಿತು. "ಮೊಣಕಾಲ ಅಂದಾಗ ಒಬ್ರೂ ತಿರುಗಿ ನೋಡ್ಲಿಲ್ಲ. ಮಂಡಿ ಅಂದಕೂಡ್ಲೇ ಎರಡೂ ಹೊಸಾವು ಹಾಕ್ತೀವಿ ಅಂದ್ರು ನೋಡು" ಎಂದಳು. ನಾನು ಕೌಂಟರಿನಲ್ಲಿದ್ದ ಹುಡುಗಿಗೆ ಎಷ್ಟಾಗಬಹುದು ಎಂದು ಕೇಳಿದೆ. "ಮೊದ್ಲ ಅಡ್ಮಿಟ್ ಮಾಡ್ರಿ ಸರ್, ಆಮ್ಯಾಲ ಹೇಳ್ತೀವಿ" ಅಂದಳು. ಅಂದಾಜಾದರೂ ಹೇಳಿ ಅಂದೆ. "ಅದು ಪೇಷಂಟ್ ಕಂಡೀಷನ್ ಮ್ಯಾಲ ಅದರೀ" ಅಂದಳು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಅವ್ವನಿಗೆ ಕಾಲು ಕೈಕೊಟ್ಟಿದ್ದರೂ ಕಿವಿ ಕೈಕೊಟ್ಟಿರಲಿಲ್ಲ. "ಸಂತ್ಯಾಗ ಬದನಿಕಾಯಿ ಮಾರಾಕಿ ಸೈತ ರೇಟ್ ಮೊದ್ಲ ಹೇಳ್ತಾಳ. ಚೀಲದಾಗ ಹಾಕ್ಕೋ, ಆಮ್ಯಾಲ ಹೇಳ್ತೀನಿ ಅಂದ್ರ ಯಾರು ತಗೋತಾರಲೇ? ನಡಿ ಮನಿಗೆ" ಎಂದು ನನ್ನ ಭುಜ ಹಿಡಿದು ಎದ್ದಳು. ಪೇಷಂಟ್ ಕಂಡೀಷನ್ ಹೀಗಿತ್ತು.

ಆ ದಿನಗಳಲ್ಲೇ ವಿಧಾನಸಭೆಯಲ್ಲಿ ಆರೋಗ್ಯ ಸುಧಾರಣೆಯ ಮಸೂದೆ ಬಂತು. ಆಸ್ಪತ್ರೆಗಳು ಚಿಕಿತ್ಸೆಯ ದರವನ್ನು ಮೊದಲೇ ಹೇಳಬೇಕು, ಬಾಗಿಲಲ್ಲೇ ಬರೆದು ಹಾಕಬೇಕು, ಬಡವರ ಖರ್ಚನ್ನು ಸರ್ಕಾರ ಹೊರಬೇಕು ಎಂದೆಲ್ಲ ಅದರಲ್ಲಿತ್ತು. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅವ್ವ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಟಿವಿಯ ದನಿ ಜೋರು ಮಾಡಿದ್ದಳು. "ಆರೋಗ್ಯ ಸುಧಾರಣಾ ಮಸೂದೆಯನ್ನು ಇಂದು ಸದನದಲ್ಲಿ ಮಂಡಿಸಲಾಗಿದೆ" ಎಂದು ವಾರ್ತೆ ಓದುವಾಕೆ ಹೇಳಿದಳು. ಅವ್ವ ತೊಡೆ ತಟ್ಟಿದಳು. "ಕೇಳಿದ್ರೇನ್ರವಾ? ಮಂಡಿ ಸಲುವಾಗಿ ಅದ ಅಂತ!"

ನನ್ನ ಮೈಯೆಲ್ಲ ಉರಿಯಿತು. ಚಪ್ಪಲಿ ಬಿಡುವ ಮೊದಲೇ ಪಾಠ ಶುರು ಮಾಡಿದೆ. ಯವ್ವಾ, ಮಂಡಿಸು ಅನ್ನುವುದು ಕ್ರಿಯಾಪದ, ಮಂಡಿಸಲಾಗಿದೆ ಅಂದರೆ ಮುಂದಿಡಲಾಗಿದೆ ಅಂತ, ಅದಕ್ಕೂ ನಿನ್ನ ಮೊಣಕಾಲಿಗೂ ಸಂಬಂಧ ಇಲ್ಲ ಅಂದೆ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಂಬಂಧ ಇಲ್ಲ ಅಂದ್ರ ಮತ್ಯಾತಕ್ಕ ಮಾತಾಡಾಕತ್ಯಾರ? ಆರೋಗ್ಯ ಅಂತಾರ, ದವಾಖಾನಿ ಅಂತಾರ, ಮಂಡಿ ಸಲುವಾಗಿ ಅದ ಅಂತಾರ. ನಿನ್ನ ಯ್ಯಾಕರ್ಣ ನಿನ್ನ ಹುಡುಗ್ರಿಗೆ ಹೇಳು, ಹೋಗು." ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರಲ್ಲಿ ಯಾರ ಮೊಣಕಾಲೂ ನೆಟ್ಟಗಿರಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಧಾರಾವಾಹಿಗಳು ಬಂದ್ ಆದವು, ಕಲಾಪ ಶುರುವಾಯಿತು. ಮಸೂದೆಗೆ ಒಬ್ಬರು ಸೈ ಅಂದರೆ, ಇನ್ನೊಬ್ಬರು ಇದರಿಂದ ಬೊಕ್ಕಸಕ್ಕೆ ಹೊರೆ ಎನ್ನುತ್ತಿದ್ದರು. ಮತ್ತೊಬ್ಬರು ಎದ್ದು ತಮ್ಮೂರಿನ ರಸ್ತೆಯ ವಿಷಯ ತೆಗೆಯುತ್ತಿದ್ದರು. ಸದಸ್ಯರು ಸದನದ ಬಾವಿಗಿಳಿದರು ಎಂದಾಗ ಅವ್ವ, "ನೀರರ ಅದಾವೇನಲೇ ಅದರಾಗ?" ಎಂದು ಕಾಳಜಿಯಿಂದ ಕೇಳಿದಳು. ಅವಳಿಗೆ ಎಲ್ಲಕ್ಕಿಂತ ಬೆರಗೆನಿಸಿದ್ದು ಸಭಾತ್ಯಾಗ. ಒಂದು ಗುಂಪಿಗೆ ಗುಂಪೇ ದಡಕ್ಕನೆ ಎದ್ದು ಬಾಗಿಲ ಕಡೆ ನಡೆದದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದಳು. "ಅಬಬಬಾ, ಕೈ ಊರದಂಗ ಎದ್ರು ನೋಡು! ಮಂಡಿ ಎಷ್ಟ್ ಚಲೋ ಇಟ್ಟಾರ!" ಎಂದಳು. ಆ ದೃಶ್ಯದ ಮೇಲೆ ಪತ್ರಿಕೆಗಳಲ್ಲಿ ಎಷ್ಟೋ ಸಂಪಾದಕೀಯಗಳು ಬಂದವು. ಇಷ್ಟು ಸರಿಯಾದ ಮಾತು ಯಾವುದರಲ್ಲೂ ಬರಲಿಲ್ಲ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇತ್ತ ನಮ್ಮ ಮನೆಯಲ್ಲೂ ಒಂದು ಅಧಿವೇಶನ ಕರೆಯಬೇಕಾಯಿತು. ಅವ್ವನ ಆಪರೇಷನ್ ಎಲ್ಲಿ, ಯಾವಾಗ, ಹೇಗೆ ಎನ್ನುವುದೇ ವಿಷಯ. ನೀರಮಾನ್ವಿಯಿಂದ ತಂಗಿ ಶಾಂತಾ ಬಂದಳು, ಜೊತೆಗೆ ಅವಳ ಗಂಡ ಮಲ್ಲೇಶಿ. ಮಲ್ಲೇಶಿಗೆ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಕೆಲಸ. ಮಿಲ್ಲಿನ ಮಾಲಕರು ಏನು ಮಾಡಿಸಿಕೊಳ್ಳುತ್ತಾರೋ ಅದೇ ಸರಿ ಎಂದು ನಂಬಿದವನು. "ನಮ್ಮ ಸಾವ್ಕಾರ್ರು ಹೈದ್ರಾಬಾದಿನ್ಯಾಗ ಮಾಡಿಸ್ಕ್ಯಂಡಾರ್ರೀ, ಈಗ ಜಿಂಕಿ ಆಗ್ಯಾರ" ಎಂದ. ನನ್ನ ಹೆಂಡತಿ ರೇಣುಕಾ, ಅತ್ತೆಯ ಹೆಸರಲ್ಲಿ ಬಿಪಿಎಲ್ ಕಾರ್ಡ್ ಇದೆಯಲ್ಲ, ಇಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳೋಣ ಅಂದಳು. ಬಿಸಿಲು ಕಳೆಯಲಿ, ಬಿಸಿಲಲ್ಲಿ ಹೊಲಿಗೆ ಮಾಯುವುದಿಲ್ಲ ಎಂದು ಶಾಂತಾ ಅಂದಳು. ರಾಯಚೂರಿನಲ್ಲಿ ಬಿಸಿಲು ಕಳೆಯುವುದನ್ನು ಕಾಯುವುದೆಂದರೆ ಏನೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಾನು ಎಲ್ಲರ ಮಾತನ್ನೂ ಗಂಭೀರವಾಗಿ ಕೇಳಿ, ಕಾಲೇಜಿನ ಮೀಟಿಂಗುಗಳಲ್ಲಿ ಕಲಿತ ಒಂದೇ ಒಂದು ವಿದ್ಯೆಯನ್ನು ಹೊರತೆಗೆದೆ. "ಎಲ್ಲಾನೂ ಪರಿಶೀಲಿಸೋಣು" ಅಂದೆ. ಎಲ್ಲರಿಗೂ ಹಾಯೆನಿಸಿತು. ರೇಣುಕಾ ಚಹಾ ತಂದಳು.

ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ಅವ್ವ ಆಗ ಬಾಯಿ ತೆರೆದಳು. "ನಾ ಸಭಾತ್ಯಾಗ ಮಾಡ್ತೀನಿ."

ಮಾಡಿದಳು ಕೂಡ. ಮೊದಲು ಒಂದು ಕೈಯನ್ನು ನೆಲಕ್ಕೂರಿದಳು. ಆಮೇಲೆ ಮಂಚದ ಕಾಲು ಹಿಡಿದಳು. ಅರ್ಧಕ್ಕೆ ಎದ್ದು ಮತ್ತೆ ಕುಸಿದಳು. ನಾವು ನಾಲ್ವರೂ ಕೈ ಚಾಚಿ ಓಡಿದೆವು. "ಮುಟ್ಟಬ್ಯಾಡ್ರಿ! ಅವ್ರನ್ನ ಯಾರರ ಎಬ್ಬಿಸ್ತಾರೇನು?" ಎಂದು ಗದರಿದಳು. ಮತ್ತೆ ಮಂಚ ಹಿಡಿದಳು, ಗೋಡೆ ಹಿಡಿದಳು, ಟಿವಿಯ ಮೇಜು ಹಿಡಿದಳು. ಹಲ್ಲು ಕಚ್ಚಿದ್ದು ಕಾಣುತ್ತಿತ್ತು. ಮಲ್ಲೇಶಿ ಕುಡಿಯದೆ ಹಿಡಿದುಕೊಂಡಿದ್ದ ಚಹಾದ ಮೇಲೆ ಕೆನೆ ಕಟ್ಟಿತು. ಹೊಸ್ತಿಲು ಮುಟ್ಟಿದ ಮೇಲೆ ತಿರುಗಿ ನಿಂತು ಹೇಳಿದಳು: "ಮಂಡಿ ಸಲುವಾಗಿ ಇಷ್ಟೊತ್ತು ಮಾತಾಡಿದ್ರಿ. ಮಂಡಿ ಯಾರದು, ಆಕೀನ ಒಂದ್ ಮಾತು ಕೇಳೂನು ಅಂತ ಒಬ್ರಿಗರ ಅನಿಸ್ತೇನು?" ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅದು ಬೇಗ ಗೊತ್ತಾಯಿತು. ಮಸೂದೆಯನ್ನು ಒಂದು ಸಮಿತಿಗೆ ಒಪ್ಪಿಸಿ ಸದನ ಕೈ ತೊಳೆದುಕೊಂಡಿತು. ಸಮಿತಿಯ ಸದಸ್ಯರೊಬ್ಬರು ಜನಾಭಿಪ್ರಾಯ ಕೇಳಲು ದೇವದುರ್ಗಕ್ಕೆ ಬರುತ್ತಾರೆಂದು ಸುದ್ದಿಯಾಯಿತು. ಅವರು ಯಾವ ಪಕ್ಷದವರು, ಎಲ್ಲಿಯವರು ಎಂದು ಕೇಳಬೇಡಿ, ನಮ್ಮ ಕಡೆಯವರಲ್ಲ ಎಂದಷ್ಟೇ ಹೇಳುತ್ತೇನೆ. "ನಾ ಹೋಗ್ತೀನಿ. ನೀ ಬಂದ್ರ ಬಾ, ಇಲ್ಲಂದ್ರ ಬಸ್ ಹತ್ತಿಸಿ ಬಿಡು" ಎಂದಳು ಅವ್ವ. ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಹೋರಾಟವಾಗಿತ್ತು. ಕಂಡಕ್ಟರ್ ಸೀಟಿ ಊದಲು ಹೋದ. "ಊದ್ಲೇ ನೋಡೂನು" ಎನ್ನುವಂತೆ ಅವ್ವ ನೋಡಿದ್ದಕ್ಕೆ ಸುಮ್ಮನಾದ.

ಸಭಾಭವನದಲ್ಲಿ ಫ್ಯಾನುಗಳ ಕೆಳಗೆ ಕುರ್ಚಿಗಳಿದ್ದವು. ಸದಸ್ಯರು ಮಸೂದೆಯ ಒಳ್ಳೆಯ ಉದ್ದೇಶಗಳನ್ನು ವಿವರಿಸಿ, "ಆದರೆ ಬೊಕ್ಕಸಕ್ಕೆ ಹೊರೆಯಾಗುತ್ತದೆ, ಅದನ್ನೂ ಯೋಚಿಸಬೇಕಲ್ಲ" ಎಂದು ನಿಟ್ಟುಸಿರಿಟ್ಟರು. ಅವ್ವ ನನ್ನ ಕೈ ಕೊಡವಿ ವೇದಿಕೆಯ ಮುಂದೆ ಹೋಗಿ ಕೇಳಿದಳು: "ಸಾಹೇಬ್ರ, ಮಂಡಿ ಸಲುವಾಗಿದ್ದ ಮಸೂದಿ ಏನಾತ್ರೀ?"

ಸದಸ್ಯರು ಪಕ್ಕದಲ್ಲಿದ್ದ ಸಹಾಯಕನ ಮುಖ ನೋಡಿದರು. ಅವನು ನನ್ನ ಹಳೆಯ ವಿದ್ಯಾರ್ಥಿ. ಅವನ ಉತ್ತರ ಪತ್ರಿಕೆಗಳ ಮೇಲೆ ನಾನು ಸುರಿಸಿದ ಕೆಂಪು ಮಸಿ ಅವನಿಗಿನ್ನೂ ನೆನಪಿತ್ತೆಂದು ಕಾಣುತ್ತದೆ. "ಅಜ್ಜೀ, ಅದು ಮಂಡಿ ಅಲ್ಲಬೇ, ಮಂಡಿಸಲಾಗಿದೆ ಅಂತ. ಸರ್, ನೀವಾ ಕಲಿಸೀರಲ್ಲ, ನೀವಾ ಹೇಳ್ರಿ" ಎಂದು ನನ್ನ ಕಡೆ ಕೈ ಮಾಡಿದ. ಇಡೀ ಸಭೆ ತಿರುಗಿ ನೋಡಿತು. ತಿದ್ದಲು ಇಷ್ಟು ದೊಡ್ಡ ಅವಕಾಶ ನನಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. "ನಮ್ಮವ್ವ ಹೇಳಿದ್ದಾ ಖರೆ ಅದ. ಮಂಡಿ ಸಲುವಾಗೇ ಅದ" ಅಂದೆ. ಬೇಕಾದರೆ ನಿಘಂಟು ತನ್ನನ್ನು ತಿದ್ದಿಕೊಳ್ಳಲಿ ಎಂದು ಮನಸ್ಸಿನಲ್ಲೇ ಸೇರಿಸಿದೆ.

ಅವ್ವ ಅಲ್ಲೇ ನೆಲಕ್ಕೆ ಕೂತಳು. ಕುರ್ಚಿ ತಂದರೆ ಬೇಡ ಅಂದಳು. ಇದೇನು ಧರಣಿಯೇ ಎಂದು ಒಬ್ಬ ಪೊಲೀಸಪ್ಪ ಕೇಳಿದ. "ಕುಂತೀನಿ. ಏಳಾಕ ಬರಂಗಿಲ್ಲ. ಅದಕ್ಕ ನೀ ಏನರ ಹೆಸರಿಡು" ಎಂದಳು. ಹಿಂದಿನ ಸಾಲುಗಳಿಂದ ಕಸ ತೆಗೆಯುವ, ನೆಲ್ಲು ಹಚ್ಚುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಉಸ್ಸೆನ್ನುತ್ತ ಅವಳ ಬದಿಗೆ ಕೂತರು. ನಾನೂ ಕೂತೆ. ಸದಸ್ಯರು ಒಳ್ಳೆಯವರೇ ಇರಬೇಕು, ವೇದಿಕೆ ಇಳಿದು ಬಂದರು. ಅವ್ವನ ಮಾತು ಕೇಳಲು ಬಗ್ಗಿ ಕೂರಲು ಹೋಗಿ "ಅಯ್ಯಪ್ಪಾ" ಎಂದು ಮೊಣಕಾಲು ಹಿಡಿದುಕೊಂಡರು.

"ನಿಮಗೂ ಮಂಡಿ ಏನ್ರೀ?" ಅವ್ವನ ದನಿಯಲ್ಲಿ ನಿಜವಾದ ಮರುಕವಿತ್ತು.

"ಹೋದ ವರ್ಷ ಒಂದಕ್ಕೆ ಆಪರೇಷನ್ ಆಯ್ತಮ್ಮ."

"ರೊಕ್ಕ ಯಾರು ಕೊಟ್ರೀ?"

"ಸರ್ಕಾರ" ಎಂದರು ಸದಸ್ಯರು.

"ಆವಾಗ ಬೊಕ್ಕಸಕ್ಕ ಹೊರಿ ಆಗ್ಲಿಲ್ಲೇನ್ರೀ?" ಎಂದಳು ಅವ್ವ. "ಹೊರಿ ಅಂದ್ರ ಏನಂತ ನನಗ ಗೊತ್ತದ ಯಪ್ಪಾ. ಹೊತ್ತು ಹೊತ್ತಾ ಈ ಮಂಡಿ ಹೋಗ್ಯಾವ. ಇಷ್ಟು ವರ್ಷ ನಾ ಹೊತ್ತೀನಿ. ಒಂದೀಟು ನಿಮ್ಮ ಬೊಕ್ಕಸ ಹೊರ್ಲಿ."

ಸದಸ್ಯರು ವೇದಿಕೆಯ ಮೇಲಿದ್ದ ಆರೋಗ್ಯಾಧಿಕಾರಿಗಳನ್ನು ಕರೆದು, ಇವರೆಲ್ಲರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಎಂದರು. ನಿಮ್ಮೊಬ್ಬರನ್ನು ಇವತ್ತೇ ಕರೆದೊಯ್ಯುತ್ತೇವೆ ಎಂದು ಅಧಿಕಾರಿಗಳು ಅಂದದ್ದಕ್ಕೆ ಅವ್ವ ಒಪ್ಪಲಿಲ್ಲ. "ಎಲ್ಲಾರ್ದೂ ನೋಡ್ರಿ, ಸಾಲಿನ್ಯಾಗ ನಾನೂ ಬರ್ತೀನಿ" ಎಂದಳು. ಶಿಬಿರ ನಡೆಯಿತು. ಕಾರ್ಡಿನ ಮೇಲೆ ರಾಯಚೂರಿನ ಸರ್ಕಾರಿ ಆಸ್ಪತ್ರೆಯಲ್ಲೇ ಅವ್ವನ ಬಲಗಾಲಿನ ಮಂಡಿ ಹೊಸದಾಯಿತು. ಎಡಗಾಲಿನದು ಸರದಿಯಲ್ಲಿದೆ. ಬಲಮಂಡಿ ಆಡಳಿತ ಪಕ್ಷ, ಎಡಮಂಡಿ ಇನ್ನೂ ವಿರೋಧ ಪಕ್ಷ ಎಂದು ಅವಳೇ ಹೇಳುತ್ತಾಳೆ. ಅಂದು ಅವಳ ಬದಿಗೆ ಕೂತವರಲ್ಲಿ ಕೆಲವರಿಗೆ ಆಗಿದೆ, ಬಹಳ ಮಂದಿಗೆ ಆಗಿಲ್ಲ. ಮಸೂದೆ ಸಮಿತಿಯಲ್ಲೇ ಇದೆ. ಅದಕ್ಕೇ ಅವ್ವ ಟಿವಿ ಆರಿಸಲು ಬಿಡುವುದಿಲ್ಲ. ಎಡಮಂಡಿಗೂ ಆದ ಮೇಲೆ ಸೀದಾ ಬೆಂಗಳೂರಿಗೇ ಹೋಗಿ ಕೂರುತ್ತಾಳಂತೆ, ಈ ಸಲ ಎದ್ದು ಬರಲೂ ಬರುತ್ತದಲ್ಲ ಎಂಬ ಧೈರ್ಯ.

ನಿನ್ನೆ ಸಂಜೆ ಮತ್ತೆ ಕಲಾಪ ನೋಡುತ್ತಿದ್ದೆವು. ಅವ್ವ ಕುರ್ಚಿಯಲ್ಲಿ, ನಾನು ಕೆಳಗೆ ಚಕ್ಕಳಮಕ್ಕಳ ಹಾಕಿಕೊಂಡು. ಸದಸ್ಯರು ಸಭಾತ್ಯಾಗ ಮಾಡಿದರು. ಅವರಿಗೆ ಸೆಡ್ಡು ಹೊಡೆಯುವಂತೆ ಅವ್ವನೂ ಕೈ ಊರದೆ ಎದ್ದು ಅಡುಗೆಮನೆಯ ತನಕ ನಡೆದು ವಾಪಸು ಬಂದಳು. ಹೆಮ್ಮೆಯಿಂದ ನಾನೂ ಏಳಲು ಹೋದೆ. ಮೊಣಕಾಲು ಲಟಕ್ ಎಂದಿತು. ದೇವದುರ್ಗದ ನೆಲದ ಮೇಲೆ ಕೂತು ಬಂದಾಗಿನಿಂದ ಅದರ ನಡವಳಿಕೆ ಸರಿಯಿಲ್ಲ. ಮಂಚದ ಕಾಲು ಹಿಡಿದೆ, ಆಗಲಿಲ್ಲ. ಗೋಡೆ ಹಿಡಿದೆ, ಆಗಲಿಲ್ಲ.

"ಯವ್ವಾ, ಒಂಚೂರು ಕೈ ಕೊಡು."

ಅವ್ವ ಹೊಸ ಮಂಡಿಯ ಮೇಲೆ ಭಾರ ಬಿಟ್ಟು ನಿಂತು, ನನ್ನನ್ನೇ ನೋಡುತ್ತ, ಬಹಳ ಗಂಭೀರವಾಗಿ ಹೇಳಿದಳು:

"ಪರಿಶೀಲಿಸೋಣು."