ನಮ್ಮ ಬೀದಿಗೆ ಬಂದ ಹಂಸದೋಣಿ

ಮದುವೆಯಾಗಿ ಹತ್ತು ವರ್ಷ ತುಂಬುವ ದಿನ ಹೆಂಡತಿಗೆ ಸೀರೆ ಕೊಡುವಂಥ ಸಾಮಾನ್ಯ ಗಂಡ ನಾನಲ್ಲ ಎಂದು 2007ರ ಬೇಸಿಗೆಯಲ್ಲಿ ನಾನು ಘನವಾಗಿ ತೀರ್ಮಾನಿಸಿದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟವನು ಹೆಂಡತಿಗೆ ಸೀರೆ ಕೊಟ್ಟರೆ ಅದು ಉಡುಗೊರೆಯಲ್ಲ, ಸ್ಟಾಕ್ ವರ್ಗಾವಣೆ. ನಾನು ಕೊಡುವುದು ಇಡೀ ಜಿಲ್ಲೆಯಲ್ಲಿ ಯಾವ ಗಂಡನೂ ಕೊಟ್ಟಿರದ ವಸ್ತುವಾಗಿರಬೇಕು. ಆ ಮಾತನ್ನು ನಾನು ಉಳಿಸಿಕೊಂಡೆ. ಅಂಥದ್ದನ್ನು ಇವತ್ತಿಗೂ ಯಾರೂ ಕೊಟ್ಟಿಲ್ಲ. ನನ್ನ ಗತಿ ನೋಡಿದ ಮೇಲೆ ಯಾರಿಗೂ ಧೈರ್ಯ ಬಂದಿಲ್ಲ.

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆಯಲ್ಲಿ ಬಂದರೆ ತಳಕಿಗೆ ಮುಂಚೆ ‘ಜಲವಿಲಾಸ’ ಎಂಬ ಪಾರ್ಕು ಇತ್ತು. ತೊಂಬತ್ತಾರರಲ್ಲಿ ಅದು ಶುರುವಾದಾಗಿನ ವೈಭವವನ್ನು ನೀವು ನೋಡಬೇಕಿತ್ತು. ದಿನಕ್ಕೆರಡು ಸಲ ದೊಡ್ಡ ಕೊಳದಲ್ಲಿ ಮೆಷಿನ್ ಹಾಕಿ ಅಲೆ ಎಬ್ಬಿಸುತ್ತಿದ್ದರು. ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರು ಪಂಚೆ ಎತ್ತಿ ಕಟ್ಟಿ ಇಳಿಯುತ್ತಿದ್ದರು. ಹಟ್ಟಿಯಿಂದ ಬಂದ ಕುರಿಯವರು ಕಂಬಳಿಯನ್ನು ದಡದಲ್ಲಿ ಮಡಿಸಿಟ್ಟು ಅವರ ಪಕ್ಕದಲ್ಲೇ ನಿಲ್ಲುತ್ತಿದ್ದರು. ಅಲೆ ಬಂದಾಗ ಎಲ್ಲರೂ ಒಂದೇ ದನಿಯಲ್ಲಿ ಕಿರುಚುತ್ತಿದ್ದರು. ಪುಟಾಣಿ ರೈಲಿತ್ತು. ಅದರ ಡ್ರೈವರ್ ನೆಂಟರು ಕಂಡರೆ ನಡುದಾರಿಯಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದ.

ಭೂತಬಂಗಲೆಯೂ ಇತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ತ್ರಿವೇಣಿಯನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕತ್ತಲಲ್ಲಿ ಬಿಳಿ ಬಟ್ಟೆಯ ಭೂತವೊಂದು ಹಾರಿ ಬಂತು. ಅವಳು ಬೆದರಿ ನನ್ನ ತೋಳು ಹಿಡಿದಳು. ನಾನು ಎದೆ ಉಬ್ಬಿಸುವಷ್ಟರಲ್ಲಿ ಭೂತವೇ ಮುಸುಕು ತೆಗೆದು ಮಾತಾಡಿಸಿತು. “ವೀರೇಶಣ್ಣ, ಮದ್ವಿ ಆತಂತಲ್ಲ, ನಮಗೊಂದು ಮಾತು ಹೇಳ್ಲಿಲ್ಲ.” ಮಗಳ ಮದುವೆಗೆ ನಮ್ಮಲ್ಲೇ ಸೀರೆ ಕೊಂಡಿದ್ದ ತಳಕಿನ ಪಾತಣ್ಣ ಅವನು. ಊಟಕ್ಕೆ ಏನೇನು ಮಾಡಿಸಿದ್ದಿರಿ ಎಂದು ಅವನು ವಿಚಾರಿಸುತ್ತಿದ್ದಾಗ ಹಿಂದಿನವರು ಹೆದರಲು ಕಾಯುತ್ತಾ ನಿಂತಿದ್ದರು.

ಇವೆಲ್ಲಕ್ಕೂ ಮಿಗಿಲಾದದ್ದು ಹಂಸದೋಣಿ. ಬಿಳಿ ಫೈಬರಿನ ಹಂಸ, ಒಳಗೆ ಎರಡು ಸೀಟು, ಕಾಲಿನಿಂದ ತುಳಿಯಲು ಪೆಡಲು. ಅವತ್ತು ಏಳನೇ ನಂಬರಿನ ಹಂಸದಲ್ಲಿ ನಾನು ಬೆವರು ಸುರಿಸಿ ತುಳಿದು ತ್ರಿವೇಣಿಯನ್ನು ಮಹಾರಾಣಿಯ ಹಾಗೆ ಇಡೀ ಕೊಳ ಸುತ್ತಿಸಿದ್ದೆ. ಈ ಪ್ರಸಂಗವನ್ನು ಮನೆಗೆ ಬಂದ ಯಾವ ನೆಂಟನೂ ಕೇಳದೆ ವಾಪಸು ಹೋದದ್ದಿಲ್ಲ.

ವರ್ಷ ಕಳೆದಂತೆ ಬೋರ್‌ವೆಲ್‌ಗಳು ಒಣಗಿದವು. ಮೊದಲು ಅಲೆ ನಿಂತಿತು, ಆಮೇಲೆ ರೈಲು. ಭೂತ ಗಾರೆ ಕೆಲಸಕ್ಕೆ ಹೋಯಿತು. ಕೊನೆಗೆ ಗೇಟಿಗೆ ಬೀಗ ಬಿತ್ತು. ನಮ್ಮ ಮದುವೆಗೆ ಹತ್ತು ವರ್ಷ ತುಂಬಿದ ದಿನಕ್ಕೆ ಸರಿಯಾಗಿ, ಬೆಳಿಗ್ಗೆ, ಪಾರ್ಕಿನ ಮ್ಯಾನೇಜರಾಗಿದ್ದ ನನ್ನ ಸ್ಕೂಲಿನ ಗೆಳೆಯ ಮಲ್ಲಿಕ್ ಫೋನ್ ಮಾಡಿದ.

“ಲೇ ವೀರೇಶ, ನಾಳೆ ಗುಜರಿಯವ್ನು ಬರ್ತಾನೆ. ಹಂಸಗಳೆಲ್ಲ ಹೋದ್ವು, ಒಂದೇ ಉಳಿದೈತೆ. ಬೇಕಾದ್ರೆ ಸುಮ್ನೆ ತಗಂಡು ಹೋಗು.”

“ಎಷ್ಟನೇ ನಂಬರ್?”

“ಏಳು.”

ಇದು ದೈವಸಂಕಲ್ಪವಲ್ಲದೆ ಮತ್ತೇನು? ಅಂಗಡಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ, ಬೊಮ್ಮಣ್ಣನ ಟ್ರ್ಯಾಕ್ಟರ್ ಹತ್ತಿ ಹೊರಟೆ.

ಒಣಗಿದ ಕೊಳದ ನಡುವೆ ಜಾಲಿಗಿಡದ ನೆರಳಲ್ಲಿ ನಮ್ಮ ಹಂಸ ಕೂತಿತ್ತು. ಒಂದು ಕಣ್ಣಿನ ಬಣ್ಣ ಹೋಗಿತ್ತು. ಉಳಿದ ಕಣ್ಣಿನಿಂದ ಅದು ನನ್ನನ್ನು ಗುರುತಿಸಿತು ಎಂದೇ ನನಗನ್ನಿಸಿತು. ಆರು ಜನ ಸೇರಿ ಟ್ರೇಲರಿಗೆ ಏರಿಸಿದೆವು. ಅದು ಅಲುಗಾಡದಿರಲೆಂದು ನಾನು ಕತ್ತು ತಬ್ಬಿ ನಿಂತೆ. ದಾರಿಯುದ್ದಕ್ಕೂ ಹಾಗೇ ಬಂದೆ.

ತಳಕಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಕೈಮುಗಿದು, “ಯಾವೂರ ದೇವ್ರಪ್ಪ ಇದು?” ಎಂದಳು. ಮುಂದೆ ಚಹಾ ಅಂಗಡಿಯ ಹತ್ತಿರ ಒಬ್ಬ ಟ್ರ್ಯಾಕ್ಟರ್ ತಡೆದ. “ಎಲೆಕ್ಷನ್ ಇನ್ನೂ ದೂರ ಐತಲ್ಲಣ್ಣ. ಯಾವ ಪಕ್ಷ?”

“ಪಕ್ಷ ಅಲ್ಲಪ್ಪ, ಪಕ್ಷಿ,” ಎಂದ ಬೊಮ್ಮಣ್ಣ.

ಹನ್ನೆರಡು ಗಂಟೆಗೆ ನಮ್ಮ ಬೀದಿ ತಲುಪಿದೆವು. ಮನೆಯ ಗೇಟಿನ ಮುಂದೆ ಬೊಮ್ಮಣ್ಣ ಟ್ರ್ಯಾಕ್ಟರ್ ತಿರುಗಿಸಿದ. ಹಂಸದ ಎಡ ರೆಕ್ಕೆ ನಮ್ಮ ಗೇಟಿನ ಕಂಬಕ್ಕೆ ಸಿಕ್ಕಿತು. ಹಿಂದಕ್ಕೆ ತೆಗೆದ. ಬಲ ರೆಕ್ಕೆ ಎದುರುಮನೆ ಯರ್ರಮ್ಮನ ಗೋಡೆಗೆ ಸಿಕ್ಕಿತು. ಮತ್ತೆ ಮುಂದಕ್ಕೆ ಬಿಟ್ಟ. ಈಗ ಎರಡೂ ಸಿಕ್ಕಿಕೊಂಡವು. ಟ್ರೇಲರು ಬೀದಿಗೆ ಅಡ್ಡವಾಗಿ, ಬಿಗಿದ ಬೆಣೆಯ ಹಾಗೆ ನಿಂತುಬಿಟ್ಟಿತು.

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ನಾಲ್ಕು ದಿನಕ್ಕೊಮ್ಮೆ ಬರುವ ನೀರಿನ ಟ್ಯಾಂಕರ್. ಬೀದಿಯ ಮನೆಗಳೆಲ್ಲ ಹಂಸದ ಆ ಕಡೆ, ಟ್ಯಾಂಕರ್ ಈ ಕಡೆ. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ ಎಂದು ಕೇಳಿದ್ದೆ. ನಮ್ಮ ಹಂಸ ನೀರನ್ನೂ ಊರನ್ನೂ ಬೇರೆ ಮಾಡಿತ್ತು.

ಕೊಡ ಹಿಡಿದ ಹೆಂಗಸರು ಸಾಲಾಗಿ ಬಂದು ನಿಂತರು. ಯರ್ರಮ್ಮ ಸೊಂಟದ ಕೊಡವನ್ನು ಕೆಳಗಿಟ್ಟಳು. ಅವಳು ಕೊಡ ಕೆಳಗಿಟ್ಟಳೆಂದರೆ ಮಾತು ದೊಡ್ಡದಾಗುತ್ತದೆ ಎಂದು ಬೀದಿಗೆಲ್ಲ ಗೊತ್ತು.

“ಏಮ್ ನಾಯ್ನಾ ವೀರೇಶಪ್ಪ, ಕುಡಿಯಾಕೆ ನೀರಿಲ್ಲದ ಬೀದಿಗೆ ದೋಣಿ ತಂದೀಯಾ?”

“ಇವತ್ತು ನಮ್ಮ ಮದ್ವಿ ದಿನ ಯರ್ರಮ್ಮ,” ಎಂದೆ ಕ್ಷೀಣವಾಗಿ.

“ನಿನ್ನ ಮದ್ವಿಗೆ ನಮಗ್ಯಾಕಪ್ಪ ಉಪವಾಸ?”

ಟ್ಯಾಂಕರ್ ಡ್ರೈವರ್ ಗಡಿಯಾರ ನೋಡಿದ. “ಐದು ನಿಮಿಷ ಕಾಯ್ತೀನಿ. ಆಮೇಲೆ ಪಕ್ಕದ ಬೀದಿಗೆ ಹೋಗ್ತೀನಿ, ಇಲ್ಲಿಗೆ ಇನ್ನು ನಾಲ್ಕು ದಿನ ಬಿಟ್ಟೇ ಬರೋದು.” ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಭೂತಬಂಗಲೆಯಲ್ಲಿ ಬಾರದಿದ್ದ ನಡುಕ ಆಗ ಬಂತು.

ಗದ್ದಲಕ್ಕೆ ತ್ರಿವೇಣಿ ಹೊರಗೆ ಬಂದಳು. ಹಂಸವನ್ನು ನೋಡಿದಳು. ಅದರ ಕತ್ತು ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ಅಂಗಡಿಗೆ ಹೋದವನು ಹೀಗೆ ಯಾಕೆ ಬಂದೆ ಎಂದು ಕೇಳಲಿಲ್ಲ. ಡ್ರೈವರನ್ನು ಕೇಳಿದಳು, “ನಿನ್ನ ಪೈಪು ಎಲ್ಲಿ ತನಕ ಬರ್ತೈತೆ?”

“ಈ ಹಕ್ಕಿ ತನಕ ಬರ್ತೈತೆ ಅಕ್ಕ.”

“ಹಂಗಾದ್ರೆ ಹಕ್ಕಿಯೊಳಗೇ ಬಿಡು.”

ಮೊದಲ ಎರಡು ಕೊಡದಲ್ಲಿ ಹಂಸದ ಹೊಟ್ಟೆಯ ಧೂಳನ್ನೆಲ್ಲ ಅವಳೂ ಯರ್ರಮ್ಮನೂ ತಿಕ್ಕಿ ತೊಳೆದರು. ಕೊಳೆ ನೀರು ಹರಿದುಹೋದ ಮೇಲೆ ತಳದ ತೂತಿಗೆ ಬಟ್ಟೆ ತುರುಕಿದರು. ಪೈಪು ಈ ಕಡೆಯಿಂದ ತುಂಬಿಸುತ್ತಾ ಹೋಯಿತು, ಆ ಕಡೆಯಿಂದ ಹೆಂಗಸರು ಕೊಡ ಕೊಟ್ಟು ತುಂಬಿಸಿಕೊಂಡು ಹೋದರು. ನೀರಿನ ಮೇಲೆ ತೇಲಬೇಕಾದ ಹಂಸದ ಒಳಗೆ ನೀರು ತೇಲುತ್ತಿತ್ತು. ಎತ್ತರದಲ್ಲಿ ನಿಂತಿದ್ದರಿಂದ ಕೊಡ ತುಂಬಿಕೊಡುವ ಕೆಲಸ ನನ್ನದಾಯಿತು. ನಲವತ್ತು ಕೊಡ ತುಂಬಿದ ಮೇಲೆ ನನಗೆ ಬೆನ್ನು ಇರುವುದು ತಿಳಿಯಿತು. ಇಡೀ ಬೀದಿಗೆ ನೀರು ಸಿಕ್ಕಿತು. ಯರ್ರಮ್ಮ ಹೋಗುವಾಗ ತ್ರಿವೇಣಿಯನ್ನು ಹೊಗಳಿದಳು. ನನ್ನ ಹೆಸರೆತ್ತಲಿಲ್ಲ, ಅದನ್ನೂ ಕೃಪೆಯೆಂದೇ ಭಾವಿಸಿದೆ.

ಮಧ್ಯಾಹ್ನ ವೆಲ್ಡಿಂಗ್ ಅಂಗಡಿಯ ಬಾಲರಾಜ್ ಬಂದು ರೆಕ್ಕೆಗಳ ಬೋಲ್ಟು ಬಿಚ್ಚಿದ. ನಾಲ್ಕು ಜನ ಹೊತ್ತು ಹಂಸವನ್ನು ಅಂಗಳಕ್ಕಿಳಿಸಿದೆವು. ರೆಕ್ಕೆ ಮತ್ತೆ ಜೋಡಿಸುವಾಗ ಅವನು ಸೀಟಿನ ಕೆಳಗೆ ತಲೆ ತೂರಿಸಿದ.

“ಅಣ್ಣ, ಈ ಎಡಗಡೆ ಪೆಡಲಿಗೆ ಚೈನೇ ಇಲ್ಲ.”

“ತುಕ್ಕು ಹಿಡಿದು ಬಿದ್ದಿರ್ಬೇಕು.”

“ಚೈನ್ ಹಾಕೋ ಚಕ್ರಾನೇ ಇಲ್ಲಣ್ಣ. ಮಾಡ್ದಾಗ್ಲಿಂದಾನೂ ಇದು ಬರೀ ತೋರ್ಸಾಕೆ. ಬಲಗಡೆ ಕೂತೋರು ತುಳಿದ್ರೇನೇ ದೋಣಿ ಹೋಗೋದು.”

ನಾನು ನಿಧಾನವಾಗಿ ತ್ರಿವೇಣಿಯ ಕಡೆ ತಿರುಗಿದೆ. “ಅವತ್ತು ನಾನು ಯಾವ ಕಡೆ ಕೂತಿದ್ದೆ?”

“ಎಡಗಡೆ.”

“ನಿಂಗೆ ಗೊತ್ತಿತ್ತಾ?”

“ಮೂರು ದಿನ ನಂಗೆ ಮೀನಖಂಡ ನೋವಿತ್ತು. ಗೊತ್ತಾಗದೆ ಏನ್ರಿ?”

“ಹತ್ತು ವರ್ಷ ಯಾಕೆ ಹೇಳ್ಲಿಲ್ಲ?”

“ನೆಂಟರ ಮುಂದೆ ಅಷ್ಟು ಚೆಂದ ಹೇಳ್ತಿದ್ರಿ. ನಡುವೆ ಮಾತಾಡೋಕೆ ಮನಸ್ಸು ಬರ್ಲಿಲ್ಲ.”

ಬಾಲರಾಜ್ ಸೀಟಿನ ಕೆಳಗಿನಿಂದ ತಲೆ ಹೊರಗೆ ತೆಗೆಯಲೇ ಇಲ್ಲ. ಅವನ ಬೆನ್ನು ಅಲುಗುತ್ತಿದ್ದುದರಿಂದ ನಗುತ್ತಿದ್ದಾನೆಂದು ತಿಳಿಯಿತು.

ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಜಗುಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ನನ್ನ ಅವ್ವ ತಿಪ್ಪೇರುದ್ರಮ್ಮ ಆಗ ಎದ್ದು ಬಂದಳು. ಹಂಸದ ಬೆನ್ನ ಮೇಲೆ ಕೈಯಾಡಿಸಿದಳು.

“ಇದು ಆ ಪಾರ್ಕಿಂದೇನೋ?”

“ಹೂಂ ಅವ್ವ.”

“ಬರೀ ಕಥೆ ಕೇಳಿದ್ದೆ. ಒಂದಿನಾನೂ ನೋಡಿರ್ಲಿಲ್ಲ.”

“ನೀನೇ ಬರಲ್ಲ ಅಂದಿದ್ದೆ ಅಲ್ವ?”

“ಕರೆದಿದ್ರೆ ತಾನೆ ಬರಲ್ಲ ಅನ್ನೋದು.”

ಹೆಂಡತಿ, ಮಕ್ಕಳು, ಭಾವಮೈದುನನ ಮಕ್ಕಳು, ಧರ್ಮಾವರದಿಂದ ಬಂದ ವ್ಯಾಪಾರಿಗಳು, ನನ್ನ ಅಂಗಡಿಯ ಗುಮಾಸ್ತನ ಅತ್ತೆ, ಎಲ್ಲರನ್ನೂ ಒಂದಲ್ಲ ಒಂದು ದಿನ ಜಲವಿಲಾಸಕ್ಕೆ ಕರೆದೊಯ್ದಿದ್ದೆ. ಪ್ರತಿ ಸಲವೂ ಮನೆಯ ಬೀಗದ ಕೈಯನ್ನು ಅವ್ವನ ಕೈಗೆ ಕೊಟ್ಟು ಹೊರಟಿದ್ದೆ. ಪಾರ್ಕು ಮುಚ್ಚುವವರೆಗೂ ಅವಳನ್ನೂ ಕರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ತ್ರಿವೇಣಿ ಸ್ಟೂಲ್ ಇಟ್ಟು ಅತ್ತೆಯನ್ನು ಎಡಗಡೆ ಸೀಟಿಗೆ ಹತ್ತಿಸಿದಳು. ತಾನು ಬಲಗಡೆ ಕೂತಳು. ಅವ್ವ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

“ದೋಣಿ ಅಂದ್ರೆ ಅಲುಗಾಡ್ಬೇಕಲ್ಲೇ?”

“ಅಲುಗಾಡ್ತೈತೆ ಅತ್ತೆ,” ಎಂದು ತ್ರಿವೇಣಿ ನನ್ನ ಕಡೆ ನೋಡಿದಳು.

ನಾನು ಹಂಸದ ಬಾಲ ಹಿಡಿದು ಮೆಲ್ಲಗೆ ತೂಗಿದೆ. ಅವ್ವ ಒಂದು ಕೈಯಲ್ಲಿ ಸೀಟನ್ನೂ ಇನ್ನೊಂದರಲ್ಲಿ ಸೊಸೆಯ ತೋಳನ್ನೂ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಆ ನಗು ಕೇಳಿ ಯರ್ರಮ್ಮ ಗೋಡೆಯ ಮೇಲಿಂದ ಇಣುಕಿದಳು. “ಅಮ್ಮ ಇಳಿದ್ಮೇಲೆ ನಾನೊಂದು ಸಲ ಕೂರ್ಲಾ?” ಅವಳ ಹಿಂದೆ ಅವಳ ಸೊಸೆ, ಅವಳ ಹಿಂದೆ ಮೂಲೆಮನೆಯ ಕಾಟಮ್ಮ, ಹೀಗೆ ಅಂಗಳದಿಂದ ಬೀದಿಯವರೆಗೆ ಸಾಲು ಬೆಳೆಯಿತು. ಹನ್ನೆರಡು ಗಂಟೆಗೆ ನನ್ನನ್ನು ಬೈದವರೆಲ್ಲ ಅದರಲ್ಲಿದ್ದರು. ಇಬ್ಬಿಬ್ಬರಾಗಿ ಹತ್ತಿದರು, ಕಿರುಚಿದರು, ಇನ್ನೂ ಜೋರಾಗಿ ತೂಗು ಎಂದರು. ಜಲವಿಲಾಸದ ಒಳ್ಳೆಯ ದಿನಗಳಲ್ಲೂ ಆ ಹಂಸಕ್ಕೆ ಇಂಥ ಸಾಲು ನಿಂತಿದ್ದನ್ನು ನಾನು ಕಂಡಿರಲಿಲ್ಲ. ಅವ್ವ ಮೂರು ಸಲ ಹತ್ತಿದಳು, ಮೂರು ಸಲವೂ ಸಾಲು ತಪ್ಪಿಸಿ.

ಹೊತ್ತು ಮುಳುಗುವ ವೇಳೆಗೆ ಕೊನೆಯವರೂ ಇಳಿದು ಹೋದರು. ನನ್ನ ಸೊಂಟ ನೇರವಾಗಲು ಒಪ್ಪಲಿಲ್ಲ. ಹಂಸದಿಂದ ಇಳಿದು ಸೀಟು ಒರೆಸುತ್ತಿದ್ದ ತ್ರಿವೇಣಿಯ ಹತ್ತಿರ ಬಗ್ಗಿಕೊಂಡೇ ಹೋಗಿ, “ನಾನೂ ಒಂದು ಸಲ ಕೂರ್ಲಾ?” ಎಂದು ಕೇಳಿದೆ.

ಅವಳು ಬಟ್ಟೆ ಹಿಂಡಿ ಹಂಸದ ಕತ್ತಿಗೆ ಒಣಗಲು ಹಾಕಿದಳು.

“ಪಾರ್ಕು ಮುಚ್ಚೋ ಹೊತ್ತಾತು. ನಾಳೆ ಬರ್ರಿ.”