ಹಿಂದಿನ ಚಕ್ರಕ್ಕೆ ಸಿಕ್ಕ ಹಿಡಿತ

ವರ್ಲಿನ್ ಸ್ಟುಕಿಯ ಕೆಂಪು ಕಾರಿಗೆ ನಾನೂರು ಕುದುರೆಗಳ ಬಲವಿತ್ತು. ಆದರೆ ಆ ನಾನೂರು ಕುದುರೆಗಳೂ ನಿಂತಲ್ಲೇ ಕುಣಿಯುತ್ತಿದ್ದವು. ಹಸಿರು ದೀಪ ಹತ್ತಿದ ಕೂಡಲೇ ಅವನು ಕ್ಲಚ್ ಬಿಡುವುದು, ಹಿಂದಿನ ಎರಡು ಚಕ್ರಗಳು ಕಿರುಚಿಕೊಂಡು ಗಿರಗಿರನೆ ತಿರುಗುವುದು, ಹೊಗೆ ಕರಗುವಷ್ಟರಲ್ಲಿ ಪಕ್ಕದ ಕಾರು ಕಾಲು ಮೈಲಿ ಮುಗಿಸಿರುವುದು, ಇದು ಆರು ವರ್ಷಗಳ ಕತೆ. ಇಂಡಿಯಾನಾದ ಮೆಕ್ಕೆಜೋಳದ ಹೊಲಗಳ ನಡುವಿನ ಆ ಓಟದ ಪಟ್ಟಿಯಲ್ಲಿ ಅವನು ಒಂದು ಸುತ್ತನ್ನೂ ಗೆದ್ದಿರಲಿಲ್ಲ. ವಾರವಿಡೀ ಮನೆಮನೆಗೆ ಟಪಾಲು ಹಂಚುವವನಾದ್ದರಿಂದ, ಅವನ ಸೋಲಿಗೆ ಸಾಂತ್ವನ ಹೇಳದ ಬಾಗಿಲು ಊರಿನಲ್ಲಿ ಉಳಿದಿರಲಿಲ್ಲ.

ಆ ಶನಿವಾರ ಬೆಳಗ್ಗೆ ಹೆಂಡತಿ ಲವೋನ್ ಕಾಫಿ ಬಗ್ಗಿಸುತ್ತ ತೀರ್ಪು ಕೊಟ್ಟಳು.

"ನೋಡು ವರ್ಲಿನ್, ಇವತ್ತು ಒಂದು ಸುತ್ತು ಗೆದ್ದು ಬಾ. ಇಲ್ದಿದ್ರೆ ನಾಳೆ ಚರ್ಚ್ ಮುಗಿದ್ಮೇಲೆ ಮನ್ಸೀ ಊರಿನ ಗಿರಾಕಿ ಬಂದು ಕಾರು ಕೊಂಡ್ಕೊಂಡು ಹೋಗ್ತಾನೆ. ಮಾತು ಕೊಟ್ಟಾಗಿದೆ. ಆ ಶೆಡ್ಡಲ್ಲಿ ನನ್ನ ಕೌದಿ ಹೊಲಿಯೋ ಚೌಕಟ್ಟು ಇಡ್ಬೇಕು."

"ಒಂದೇ ಸುತ್ತು ಸಾಕಾ?"

"ಒಂದೇ ಸಾಕು. ನಾನೇನು ರಾಕ್ಷಸಿ ಅಲ್ಲ." ಹೀಗೆಂದವಳು ಅವನ ಬುತ್ತಿಗೆ ಎರಡು ಸ್ಯಾಂಡ್‌ವಿಚ್ ಹೆಚ್ಚಿಗೆ ಇಟ್ಟು, ತಾನೂ ಕಾರು ಹತ್ತಿದಳು.

ಆ ಓಟದ ಪದ್ಧತಿಯೇ ಬೇರೆ. ತಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಕಾಲು ಮೈಲಿ ಓಡುತ್ತದೆಂದು ಪ್ರತಿಯೊಬ್ಬರೂ ತಾವೇ ಗಾಜಿನ ಮೇಲೆ ಬರೆಯಬೇಕು. ಎರಡರ ಅಂತರ ಎಷ್ಟೋ ಅಷ್ಟು ಸೆಕೆಂಡು ಮೊದಲೇ ನಿಧಾನದ ಗಾಡಿಗೆ ಹಸಿರು ದೀಪ ಹತ್ತುತ್ತದೆ. ಆದರೆ ಬರೆದದ್ದಕ್ಕಿಂತ ಬೇಗ ಓಡಿದರೆ ಸೋಲು, ಇಲ್ಲದಿದ್ದರೆ ಎಲ್ಲರೂ ಸುಳ್ಳೇ ಬರೆದಾರು. ವರ್ಲಿನ್ ಈ ನಿಯಮಕ್ಕೆ ತಲೆ ಕೆಡಿಸಿಕೊಂಡವನೇ ಅಲ್ಲ. ಬೋಳುತಲೆಯವನಿಗೆ ಹೇನಿನ ಚಿಂತೆ ಎಲ್ಲಿಯದು? ಬೆಳಗಿನ ಅಭ್ಯಾಸದ ಓಟದಲ್ಲಿ ಎಂದಿನಂತೆ ಹೊಗೆಯೆಬ್ಬಿಸಿ, ಆಗ ಬಂದ ಸಮಯವನ್ನೇ ಬಿಳಿ ಬೂಟುಪಾಲಿಷಿನಿಂದ ಗಾಜಿನ ಮೇಲೆ 14.60 ಎಂದು ಬರೆದ.

ಮೊದಲ ಸುತ್ತಿಗೆ ಅವನ ಎದುರಾಳಿ ಆರ್ಡಿತ್ ಎಂದು ಗೊತ್ತಾದಾಗ ಪಕ್ಕದ ಮನೆಯ ಡೆಲ್ಬರ್ಟ್ ಕುಣಿದೇಬಿಟ್ಟ. ಆರ್ಡಿತ್‌ಗೆ ಎಪ್ಪತ್ತೊಂದು ವರ್ಷ. ಶಾಲೆಯಲ್ಲಿ ಅಡುಗೆ ಮಾಡಿ ಇಡೀ ಊರಿಗೆ ಉಣ್ಣಿಸಿದವಳು. ಅವಳ ಮಾಸಲು ಬಣ್ಣದ ಉದ್ದನೆಯ ಗಾಡಿಯ ಮೇಲೆ 18.20 ಎಂದು ಬರೆದಿತ್ತು.

"ಹೊಡೆದೆ ಬಿಡು! ಹಿಂದೆ ಭಾರ ಇಲ್ದೆ ಚಕ್ರ ನೆಲ ಹಿಡಿಯುತ್ತೇನೋ ಪೆದ್ದ?" ಎನ್ನುತ್ತ ಡೆಲ್ಬರ್ಟ್ ತನ್ನ ಪಿಕಪ್ಪಿನಿಂದ ಹಂದಿ ಮೇವಿನ ನಾಲ್ಕು ಮೂಟೆ ಹೊತ್ತು ತಂದು ಡಿಕ್ಕಿಗೆ ತುಂಬಿದ. ಕಾರು ಬಸುರಿ ಎಮ್ಮೆಯಂತೆ ಹಿಂದಕ್ಕೆ ಜಗ್ಗಿತು. ತಪಾಸಣೆಯವನು ಬಂದು, ಮೂಟೆ ಅಲುಗಾಡುವ ಹಾಗಿಲ್ಲ ಎಂದು ಗದರಿದ; ಆಮೇಲೆ ಬಿಗಿಯಲು ತನ್ನದೇ ಪಟ್ಟಿ ಕೊಟ್ಟು ಹೋದ.

ಅಷ್ಟರಲ್ಲಿ ಲವೋನ್‌ಳ ಅಣ್ಣ ಓರ್ವಿಲ್ ಹಿಂದಿನ ಟೈರಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಟೈರು ಬುಸ್ಸೆನ್ನುತ್ತಿತ್ತು.

"ಏ, ಗಾಳಿ ಯಾಕೆ ಬಿಡ್ತಿದ್ದೀಯಾ?" ವರ್ಲಿನ್ ಕೂಗಿದ.

"ಇದೇನು ಟೈರೋ ಕಲ್ಲೋ? ಮೆತ್ತಗಾದ್ರೆ ಅಗಲವಾಗಿ ನೆಲ ಕಚ್ಚುತ್ತೆ. ಓಟಕ್ಕೆ ಮುಂಚೆ ಆ ನೀರಿನ ಗುಂಡೀಲಿ ನಿಂತು ಚಕ್ರ ಚೆನ್ನಾಗಿ ತಿರುಗಿಸು, ರಬ್ಬರು ಬಿಸಿಯಾಗಿ ಅಂಟಾಗ್ಲಿ. ಈಗ ನೀನೇನೂ ಮುಟ್ಬೇಡ. ಮುಟ್ಟಿದ್ದೆಲ್ಲ ಕೆಡಿಸ್ತೀಯ."

ಇಷ್ಟು ಹೊತ್ತು ಮಡಚುವ ಕುರ್ಚಿಯಲ್ಲಿ ಕೂತು ಹೆಣೆಯುತ್ತಿದ್ದ ಲವೋನ್ ತಲೆಯೆತ್ತಿದಳು. ಹನ್ನೆರಡನೇ ವಯಸ್ಸಿಗೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು ಅವಳು.

"ತಪ್ಪಿರೋದು ಇವನ ಎಡಗಾಲಲ್ಲಿ. ಕೈ ಸುಟ್ಟೋನು ಬಾಣಲೆ ಬಿಟ್ಟ ಹಾಗೆ ಕ್ಲಚ್ ಬಿಡ್ತಾನೆ. ನಿದ್ದೆ ಮಾಡೋ ಮಗೂನ ತೊಟ್ಟಿಲಿಗೆ ಇಳಿಸ್ತೀವಲ್ಲ, ಹಾಗೆ ಬಿಡು. ಚಕ್ರ ನೆಲ ಹಿಡಿದ್ಮೇಲೆ ಪೂರ್ತಿ ತುಳಿ."

ಕಾರನ್ನು ಮಾರಬೇಕೆಂದವಳೇ ಅದು ಉಳಿಯುವ ಉಪಾಯ ಹೇಳುತ್ತಿದ್ದಳು. ವರ್ಲಿನ್ ನಿಂತಲ್ಲೇ ಎಡಗಾಲನ್ನು ಮೆಲ್ಲಗೆ ಎತ್ತಿ ನೋಡಿದ.

ಸಾಲಿನಲ್ಲಿ ನಿಂತಾಗ ಆರ್ಡಿತ್ ಕಿಟಕಿಯಿಂದ ಕೈ ಬೀಸಿದಳು. "ಚೆನ್ನಾಗಿ ಓಡು ಮಗೂ!"

"ನೀವೂನೂ, ಮಿಸ್ ಆರ್ಡಿತ್!"

ಮೊದಲು ಅವಳಿಗೆ ಹಸಿರು ಬಿತ್ತು. ಗಾಡಿ ಚರ್ಚಿಗೆ ಹೊರಟಂತೆ ಗಂಭೀರವಾಗಿ ಹೊರಟಿತು. ವರ್ಲಿನ್ ಎಣಿಸಿದ. ಒಂದು, ಎರಡು, ಮೂರು... ಹಸಿರು! ತೊಟ್ಟಿಲು, ತೊಟ್ಟಿಲು ಎಂದು ಗೊಣಗುತ್ತ ಎಡಗಾಲನ್ನು ಮೇಲಕ್ಕೆ ತಂದ. ಕಿರುಚಾಟವಿಲ್ಲ! ಹೊಗೆಯಿಲ್ಲ! ಯಾರೋ ದೈತ್ಯ ಹಿಂದಿನಿಂದ ಒದ್ದಂತೆ ಕಾರು ಚಿಮ್ಮಿತು, ಅವನ ಟೋಪಿ ಹಿಂದಿನ ಸೀಟಿಗೆ ಹಾರಿತು. ಎರಡನೇ ಗೇರು! ಮೂರು! ಆರ್ಡಿತ್‌ಳ ಗಾಡಿ ನಿಂತೇ ಇದೆಯೇನೋ ಎಂಬಂತೆ ಹಿಂದಕ್ಕೆ ಸರಿಯಿತು. ನಾಲ್ಕು! ಗೆರೆ ದಾಟಿದಾಗ ವರ್ಲಿನ್ ಆರು ವರ್ಷಗಳ ಕೂಗನ್ನು ಒಂದೇ ಸಲಕ್ಕೆ ಕೂಗಿದ.

ಅವನು ಹಿಂದಿರುಗಿದಾಗ ಡೆಲ್ಬರ್ಟ್ ಮತ್ತು ಓರ್ವಿಲ್ ಅಪ್ಪಿಕೊಂಡು ಕುಣಿಯುತ್ತಿದ್ದರು. ಲವೋನ್ ಮಾತ್ರ ದೊಡ್ಡ ಫಲಕವನ್ನೇ ನೋಡುತ್ತಿದ್ದಳು. ಗೆಲುವಿನ ದೀಪ ಆರ್ಡಿತ್‌ಳ ಕಡೆ ಹೊಳೆಯುತ್ತಿತ್ತು. ವರ್ಲಿನ್‌ನ ಕಡೆ 13.38.

"ಹದಿಮೂರು ಮೂವತ್ತೆಂಟಾ!" ಡೆಲ್ಬರ್ಟ್ ಬಾಯಿ ತೆರೆದ. ಆಮೇಲೆ ಗಾಜು ನೋಡಿದ. "ಲೋ, ಆ ಹದಿನಾಲ್ಕು ಅರವತ್ತನ್ನ ಅಳಿಸಿ ಹೊಸದು ಬರೀಲಿಲ್ವಾ?"

"ಏನೂ ಮುಟ್ಬೇಡ ಅಂತ ಓರ್ವಿಲ್ಲೇ ಅಂದನಲ್ಲ!"

ಓರ್ವಿಲ್ ತನ್ನ ಬೂಟಿನ ತುದಿಯನ್ನು ಬಹಳ ಹೊತ್ತು ಪರೀಕ್ಷಿಸಿದ. ಮೂವತ್ತು ವರ್ಷ ಈ ಓಟ ನೋಡಿ ತಲೆ ನರೆಸಿಕೊಂಡ ಆ ಮೂವರು ಸಲಹೆಗಾರರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಆರ್ಡಿತ್ ಇಳಿದು ಬಂದು ಅವನ ಭುಜ ಸವರಿದಳು. "ಅಷ್ಟು ಚೆಂದದ ಓಟ ನಾನು ನೋಡೇ ಇಲ್ಲ ಮಗೂ. ನನಗೇ ಗೆದ್ದಿದ್ದಕ್ಕೆ ನಾಚಿಕೆ ಆಗ್ತಿದೆ."

ವರ್ಲಿನ್ ಹೆಂಡತಿಯತ್ತ ತಿರುಗಿ, ಕಾರಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. "ಮಾತಂದ್ರೆ ಮಾತು. ನಾಳೆ ಅವನಿಗೆ ಕೊಟ್ಬಿಡು."

"ಕೊಡೋದಾ? ಹುಚ್ಚಾ ನಿನಗೆ?" ಲವೋನ್‌ಳ ಕಣ್ಣು ಮಿನುಗುತ್ತಿತ್ತು, ಕೆನ್ನೆ ಕೆಂಪಾಗಿತ್ತು. "ಮನ್ಸೀಯವನಿಗೆ ಈಗ್ಲೇ ಫೋನ್ ಮಾಡಿ ಬೇಡ ಅಂದೆ. ಹೀಗೆ ಹಾರೋ ಕಾರನ್ನ ಯಾರಾದ್ರೂ ಮಾರ್ತಾರಾ!"

ವರ್ಲಿನ್‌ಗೆ ಅವಳನ್ನು ಎತ್ತಿ ಕುಣಿಸುವಷ್ಟು ಸಂತೋಷವಾಯಿತು. "ಹಾಗಾದ್ರೆ ಮುಂದಿನ ಶನಿವಾರ..."

"ಮುಂದಿನ ಶನಿವಾರಕ್ಕೆ ಹೆಸರು ಬರೆಸಿ ಆಯ್ತು. ನಂದು." ಅವಳು ಕೀಲಿಯನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. "ಅವತ್ತು ಚರ್ಚಿನ ಊಟಕ್ಕೆ ನೂರಿಪ್ಪತ್ತು ಜನಕ್ಕೆ ಕೋಳಿ ನೂಡಲ್ಸ್ ಮಾಡೋ ಸರದಿ ನಂದಿತ್ತು. ಈಗ ಅದು ನಿಂದು. ಹಿಟ್ಟು ಹಿಂದಿನ ರಾತ್ರೀನೇ ನಾದಿಡು."