ಸರಾಗ ವೀಕ್ಷಣೆಯ ಪ್ರಮಾಣಪತ್ರ

ತೂಕ ಮತ್ತು ಅಳತೆ ಕಚೇರಿಯ ಕಂಪ್ಯೂಟರ್ ಹಳೆಯದಲ್ಲ ಎಂದು ಲಿಖಿತವಾಗಿ ತೀರ್ಮಾನವಾಗಿದೆ. ನಿಯಮದ ಪ್ರಕಾರ ಪೂರ್ತಿ ನಿಂತುಹೋದ ಯಂತ್ರವನ್ನು ಮಾತ್ರ ಹಳೆಯದೆಂದು ಕರೆಯಬಹುದು. ನಿಂತು ನಿಂತು ಓಡುವುದನ್ನು ಓಡುವುದೆಂದೇ ಪರಿಗಣಿಸತಕ್ಕದ್ದು. ಈ ಕಂಪ್ಯೂಟರ್ ಬೆಳಿಗ್ಗೆ ಗುಂಡಿ ಒತ್ತಿದರೆ ಎರಡನೆಯ ಚಹಾದ ಹೊತ್ತಿಗೆ ಕಣ್ಣು ಬಿಡುತ್ತದೆ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಅದರ ಬೆನ್ನ ಮೇಲಿಟ್ಟ ಊಟದ ಡಬ್ಬಿ ಮಧ್ಯಾಹ್ನದವರೆಗೂ ಬಿಸಿಯಾಗಿರುತ್ತದೆ. ಡಬ್ಬಿ ಬಿಸಿಯಾಗಿರುವ ತನಕ ಯಾರೂ ಅದರ ಮೇಲೆ ದೂರು ಹೇಳಿದವರಲ್ಲ.

ದೂರು ಹುಟ್ಟಿದ್ದು ಕೇಂದ್ರ ಕಚೇರಿಯಿಂದ ಒಂದು ಚಿತ್ರ ಬಂದ ಮೇಲೆ. ಚಿತ್ರದ ಹೆಸರು ‘ವಿಳಂಬವಿಲ್ಲದ ಸೇವೆ’. ಅದರಲ್ಲಿ ಇಲಾಖೆಯ ದೊಡ್ಡ ಸಾಹೇಬರು ಖುದ್ದಾಗಿ ಕುರ್ಚಿಯಲ್ಲಿ ಕುಳಿತು, ಸಾರ್ವಜನಿಕರನ್ನು ಕಾಯಿಸಬಾರದು ಎಂಬ ಒಂದೇ ಮಾತನ್ನು ಮುಕ್ಕಾಲು ಗಂಟೆ ಹೇಳುತ್ತಾರೆ. ಜೊತೆಗೆ ಬಂದ ಸುತ್ತೋಲೆಯ ಒಕ್ಕಣೆ ಹೀಗಿತ್ತು: “ಸದರಿ ಚಿತ್ರವನ್ನು ಪ್ರತಿಯೊಬ್ಬ ನೌಕರರೂ ಅತ್ಯುನ್ನತ ಸ್ಪಷ್ಟತೆಯಲ್ಲಿ, ಎಲ್ಲಿಯೂ ನಿಲ್ಲದಂತೆ, ಸರಾಗವಾಗಿ ವೀಕ್ಷಿಸತಕ್ಕದ್ದು. ಹಾಗೆ ವೀಕ್ಷಿಸಿದ ಪ್ರಮಾಣಪತ್ರವಿಲ್ಲದವರ ಬಡ್ತಿ, ವರ್ಗಾವಣೆ ಮತ್ತು ದೀರ್ಘ ರಜೆಗಳನ್ನು ತಡೆಹಿಡಿಯಲಾಗುವುದು.”

ಉಳಿದವರು ಸುತ್ತೋಲೆ ಓದಿ ಆಕಳಿಸಿದರು. ಬೆರಳಚ್ಚುಗಾರ್ತಿ ಮಾತ್ರ ಅದನ್ನು ಎರಡೆರಡು ಸಲ ಓದಿದಳು. ಅವಳ ವರ್ಗಾವಣೆಯ ಆದೇಶ ಆಗತಾನೇ ಬಂದು ಹೆಡ್ ಗುಮಾಸ್ತರ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿತ್ತು. ಗಂಡ ತೀರಿಕೊಂಡ ಮೇಲೆ ಅವನ ಹೆಸರಿನಲ್ಲಿ ಸಿಕ್ಕ ಕೆಲಸ ಇದು. ಕೆಲಸದ ಜೊತೆಗೆ ಒಂಟಿ ನೌಕರರ ವಸತಿಗೃಹದಲ್ಲಿ ಒಂದು ಕೋಣೆಯೂ ಸಿಕ್ಕಿತು, ಅಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ ಎಂಬ ಫಲಕವೂ ಸಿಕ್ಕಿತು. ಹಾಗಾಗಿ ಮಗಳು ಪುಟ್ಟಿ ಬೇರೆ ಊರಿನಲ್ಲಿ ಇವಳ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. ವರ್ಗಾವಣೆ ಆ ಊರಿಗೇ ಆಗಿತ್ತು. ಕಳೆದ ಭಾನುವಾರ ಫೋನ್ ಎತ್ತಿದ ಪುಟ್ಟಿ ಒಳಗೆ ತಿರುಗಿ ಕೂಗಿದ್ದಳು: “ಅಮ್ಮಾ, ನಿನ್ನ ತಂಗಿ ಫೋನ್ ಮಾಡಿದಾಳೆ!”

ಸುತ್ತೋಲೆ ಬಂದ ಮರುದಿನವೇ ಬೆರಳಚ್ಚುಗಾರ್ತಿ ತಾನೇ ಮುಂದೆ ನಿಂತು ಚಿತ್ರ ಹಚ್ಚಿಸಿದಳು. ದೊಡ್ಡ ಸಾಹೇಬರು ಪರದೆಯ ಮೇಲೆ ಬಂದರು. “ಸಾರ್ವಜನಿಕರನ್ನು ಒಂದು ಕ್ಷಣವೂ…” ಎಂದು ಬಾಯಿ ತೆರೆದವರು ತೆರೆದೇ ಉಳಿದರು. ಧ್ವನಿ ತನ್ನ ಪಾಡಿಗೆ ಮುಂದೆ ಹೋಯಿತು. ಅವರ ಮುಖ ಆಗಾಗ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ದಣಿವಾರಿಸಿಕೊಳ್ಳುತ್ತಿತ್ತು. ಧ್ವನಿಯು ವಂದನೆ ಹೇಳಿ ಮುಗಿಸಿದ ಮೇಲೂ ಮುಖವಿನ್ನೂ ಪೀಠಿಕೆಯಲ್ಲೇ ಇತ್ತು.

ರಿಪೇರಿಯವನನ್ನು ಕರೆಸಲಾಯಿತು. ಅವನು ಯಂತ್ರದ ಮೇಲಿದ್ದ ಡಬ್ಬಿಗಳನ್ನು ಇಳಿಸಿ, ಒಳಗಿನ ಧೂಳು ಊದಿ, ಸುಲಭದ ಮಾತು ಹೇಳಿದ.

“ಮೇಡಂ, ಅಷ್ಟು ಭಾರದ ಚಿತ್ರ ಎಳೆಯೋ ತ್ರಾಣ ಇದಕ್ಕಿಲ್ಲ. ಸ್ಪಷ್ಟತೆ ಎರಡು ಮೆಟ್ಟಿಲು ಇಳಿಸಿಬಿಡಿ, ತಡೆಯಿಲ್ದೆ ಓಡುತ್ತೆ.”

“ಇಳಿಸಿದ್ರೆ ದೊಡ್ಡ ಸಾಹೇಬರ ಮುಖ ಏನಾಗುತ್ತೆ?” ಎಂದು ಹೆಡ್ ಗುಮಾಸ್ತರು ಕೇಳಿದರು.

“ಸ್ವಲ್ಪ ಮಸುಕಾಗುತ್ತೆ ಸಾರ್, ಅಷ್ಟೇ.”

“ಅಷ್ಟೇನಾ? ಮೇಲಧಿಕಾರಿಗಳ ಮುಖ ಮಸುಕು ಮಾಡಿ ನಾವು ಇಲ್ಲಿ ಬಾಳೋದುಂಟೇನಪ್ಪಾ?”

“ಹಾಗಾದ್ರೆ ಹಿಂದುಗಡೆ ಓಡ್ತಿರೋ ಬೇರೆ ಪ್ರೋಗ್ರಾಮುಗಳನ್ನಾದ್ರೂ ಮುಚ್ಚಿ. ಒಂದಂತೂ ಅರ್ಧ ಯಂತ್ರಾನೇ ನುಂಗಿ ಕೂತಿದೆ.”

ಆ ಒಂದು, ಹಳೆಯ ಅಳತೆಗಳನ್ನು ಹೊಸ ಅಳತೆಗಳಿಗೆ ತಿರುಗಿಸುವ ಪ್ರೋಗ್ರಾಮು. ಅದನ್ನು ಹಾಕಿಸಿದ್ದು ಹಳೆ ಅಳತೆ ವಿಭಾಗ. ಯಾವ ವಿಭಾಗ ಹಾಕಿಸಿದೆಯೋ ಆ ವಿಭಾಗದ ಒಪ್ಪಿಗೆಯಿಲ್ಲದೆ ಯಾವ ಪ್ರೋಗ್ರಾಮನ್ನೂ ಮುಚ್ಚುವಂತಿಲ್ಲ. ಆದರೆ ಹಳೆ ಅಳತೆ ವಿಭಾಗವನ್ನೇ ಎಂದೋ ರದ್ದು ಮಾಡಲಾಗಿತ್ತು. ಕಚೇರಿಯ ಮುಖ್ಯಸ್ಥರಾದ ಸಾಹೇಬರು ಇಂಥ ಸಣ್ಣ ತೊಡಕಿಗೆ ಹೆದರುವವರಲ್ಲ. ಒಪ್ಪಿಗೆ ಕೊಡುವ ಸಲುವಾಗಿ ಆ ವಿಭಾಗವನ್ನು ಮತ್ತೆ ಸ್ಥಾಪಿಸಿದರು. ಒಬ್ಬ ಮೇಲ್ವಿಚಾರಕರು, ಇಬ್ಬರು ಸಹಾಯಕರು, ಒಂದು ಬೋರ್ಡು ಬಂದವು. ಮೇಲ್ವಿಚಾರಕರು ಕುರ್ಚಿಯ ಧೂಳು ಒರೆಸಿ ಕುಳಿತು ಯೋಚಿಸಿದರು. ಪ್ರೋಗ್ರಾಮು ಮುಚ್ಚಿದರೆ ತಮ್ಮ ವಿಭಾಗಕ್ಕೆ ಕೆಲಸವೇ ಇಲ್ಲ ಎಂಬುದು ಅವರಿಗೆ ಮಧ್ಯಾಹ್ನದೊಳಗೆ ಹೊಳೆಯಿತು. ಅವರು ಒಪ್ಪಿಗೆ ನಿರಾಕರಿಸಿದ್ದಲ್ಲದೆ, ಆ ಪ್ರೋಗ್ರಾಮನ್ನು ದಿನಕ್ಕೆ ಎಷ್ಟು ಜನ ಬಳಸುತ್ತಾರೆ ಎಂದು ಎಣಿಸುವ ಇನ್ನೊಂದು ಪ್ರೋಗ್ರಾಮನ್ನೂ ಹಾಕಿಸಿದರು. ಈಗ ದೊಡ್ಡ ಸಾಹೇಬರು ಬಾಯಿ ತೆರೆಯುವುದಕ್ಕೇ ಕಷ್ಟಪಡತೊಡಗಿದರು.

ರಿಪೇರಿಯವನು ಚೀಲ ಹೆಗಲಿಗೇರಿಸಿದ. “ಇದು ಯಂತ್ರಕ್ಕೆ ಬಂದ ಕಾಯಿಲೆ ಅಲ್ಲ ಮೇಡಂ, ನನ್ನ ಕೈಲಿ ಆಗಲ್ಲ” ಎಂದು ಹೇಳಿ ಹೋದವನು ತಿರುಗಿ ನೋಡಲಿಲ್ಲ.

ಕೊನೆಗೆ ಕೇಂದ್ರ ಕಚೇರಿಯಿಂದ ಪರಿಶೀಲನಾ ಸಮಿತಿ ಬಂತು. ಸದಸ್ಯರೆಲ್ಲ ಸಾಲಾಗಿ ಕುಳಿತು ಚಿತ್ರ ನೋಡಿದರು. ಎಲ್ಲರೂ “ನಿಲ್ಲುತ್ತೆ, ಬಹಳ ನಿಲ್ಲುತ್ತೆ” ಎಂದು ತಲೆಯಾಡಿಸಿದರೆ, ಅತಿ ಹಿರಿಯ ಸದಸ್ಯರು ಮಾತ್ರ ಕಣ್ಣುಜ್ಜಿಕೊಳ್ಳುತ್ತಾ, “ನಂಗೇನೋ ಎಲ್ಲೂ ನಿಂತ ಹಾಗೆ ಕಾಣ್ಲಿಲ್ಲಪ್ಪ, ಚೆನ್ನಾಗೇ ಓಡ್ತು” ಎಂದರು. ವಿಚಾರಿಸಿದಾಗ ವಿಷಯ ತಿಳಿಯಿತು. ಪರದೆಯಲ್ಲಿ ಚಲನೆ ಇದ್ದಾಗ ಅವರು ಎಚ್ಚರವಿರುತ್ತಿದ್ದರು, ಚಲನೆ ನಿಂತೊಡನೆ ಅವರಿಗೆ ಜೊಂಪು ಹತ್ತುತ್ತಿತ್ತು. ಸೇವೆಯುದ್ದಕ್ಕೂ ಅವರು ಹೀಗೆಯೇ ಕೆಲಸ ಮಾಡಿದವರು.

ಸಾಹೇಬರು ಮೇಜು ಗುದ್ದಿದರು. “ನಿಂತಿದ್ದನ್ನ ಯಾರೂ ನೋಡದೇ ಇದ್ರೆ, ನಿಂತಿದೆ ಅನ್ನೋಕೆ ಸಾಕ್ಷಿ ಎಲ್ಲಿದೆ?”

ಸಮಿತಿ ಆ ಮಾತನ್ನು ಬರೆದುಕೊಂಡಿತು. ಸಂಜೆಯೊಳಗೆ ಪ್ರಕಟಣೆ ಗೋಡೆ ಹತ್ತಿತು: “ಚಿತ್ರವು ನಿಂತ ಕೂಡಲೇ ಗಂಟೆಯನ್ನು ಒಂದು ಸಲ ಬಾರಿಸಲಾಗುವುದು. ವೀಕ್ಷಕರು ತಕ್ಷಣ ಎರಡೂ ಕಣ್ಣುಗಳನ್ನು ಮುಚ್ಚತಕ್ಕದ್ದು. ಚಿತ್ರವು ಮುಂದುವರಿದಾಗ ಎರಡು ಸಲ ಬಾರಿಸಲಾಗುವುದು. ಆಗ ಕಣ್ಣು ತೆರೆಯತಕ್ಕದ್ದು. ಒಂದು ಕಣ್ಣನ್ನು ಮಾತ್ರ ಮುಚ್ಚುವುದು ದುರ್ನಡತೆ. ಕನ್ನಡಕ ಧರಿಸುವವರು ಕನ್ನಡಕ ತೆಗೆದರೆ ಸಾಲದು. ಈ ನಿಯಮ ಕಿವಿಗಳಿಗೆ ಅನ್ವಯಿಸುವುದಿಲ್ಲ.”

ಗಂಟೆ ಬಾರಿಸುವುದು ಯಾರು? ಸಾಹೇಬರು ಬೆರಳಚ್ಚುಗಾರ್ತಿಯ ಕಡೆ ನೋಡಿದರು. “ನಿಮ್ಮ ಕಣ್ಣೂ ಚುರುಕು, ಬೆರಳೂ ಚುರುಕು. ನೀವೇ ಸರಿ.” ಬೇಗ ಮುಗಿದರೆ ಬೇಗ ಹೊರಡಬಹುದು ಎಂದುಕೊಂಡು ಅವಳು ಖುಷಿಯಿಂದಲೇ ಒಪ್ಪಿದಳು. ಗಂಟೆ ಖರೀದಿಗೆ ಮಂಜೂರಾತಿ ಇರಲಿಲ್ಲವಾದ್ದರಿಂದ, ಯಾವನೋ ವ್ಯಾಪಾರಿಯಿಂದ ಜಪ್ತಿ ಮಾಡಿದ್ದ ತಕ್ಕಡಿಯ ತಟ್ಟೆಯನ್ನು ಕಿಟಕಿಯ ಸರಳಿಗೆ ಕಟ್ಟಿ, ತೂಕದ ಕಲ್ಲಿನಿಂದ ಹೊಡೆಯುವುದೆಂದಾಯಿತು.

ಪ್ರದರ್ಶನ ಅಮೋಘವಾಗಿ ನಡೆಯಿತು. ಠಣ್ ಎಂದರೆ ಕಚೇರಿಗೆ ಕಚೇರಿಯೇ ಕಣ್ಣು ಮುಚ್ಚುತ್ತಿತ್ತು; ಠಣ್ ಠಣ್ ಎಂದರೆ ತೆರೆಯುತ್ತಿತ್ತು. ಮುಕ್ಕಾಲು ಗಂಟೆಯ ಚಿತ್ರ ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯಿತು. ಎಲ್ಲರೂ ಹೊರಬರುತ್ತಾ, ಇಷ್ಟು ಸರಾಗವಾದ ಚಿತ್ರವನ್ನು ಜನ್ಮದಲ್ಲಿ ನೋಡಿಲ್ಲ ಎಂದು ಹೊಗಳಿದರು. ಹೆಡ್ ಗುಮಾಸ್ತರು ಬಾಗಿಲಲ್ಲೇ ಪ್ರಮಾಣಪತ್ರ ಹಂಚಿದರು. ಬೆರಳಚ್ಚುಗಾರ್ತಿ ಕೊನೆಯಲ್ಲಿ ಕೈ ಚಾಚಿದಳು.

“ನೀವು ಚಿತ್ರ ನಿಂತಿದ್ದು ನೋಡಿದ್ರಾ?” ಎಂದರು ಅವರು.

“ನೋಡದೆ ಗಂಟೆ ಹೊಡೆಯೋದು ಹೇಗೆ ಸಾರ್?”

“ಹಾಗಾದ್ರೆ ಸರಾಗವಾಗಿ ನೋಡಿದ ಹಾಗಾಗ್ಲಿಲ್ಲ.”

ನೋಡಲಿಲ್ಲ ಎಂದುಬಿಡೋಣವೇ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಹಾಗೆಂದರೆ ನೋಡದೆ ಗಂಟೆ ಬಾರಿಸಿದಂತಾಗಿ, ಎಲ್ಲರ ಪ್ರಮಾಣಪತ್ರವೂ ರದ್ದಾಗುತ್ತಿತ್ತು. ತನಗೋಸ್ಕರ ಯಾರಾದರೂ ಒಂದು ದಿನ ಗಂಟೆ ಬಾರಿಸಿ ಎಂದು ಮೇಜಿನಿಂದ ಮೇಜಿಗೆ ಅಲೆದು ಬೇಡಿಕೊಂಡಳು. ಆದರೆ ಪ್ರಮಾಣಪತ್ರ ಪಡೆದವರು ಆಮೇಲೆ ಚಿತ್ರ ನಿಂತದ್ದನ್ನು ಕಂಡರೆ ಪತ್ರ ಹಿಂದಿರುಗಿಸಬೇಕು. “ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ, ಆದ್ರೆ ಕಂಡೂ ಕಂಡೂ ಹಳ್ಳಕ್ಕೆ ಬೀಳೋಕಾಗುತ್ತಾ?” ಎಂದು ಎಲ್ಲರೂ ಮರುಕಪಟ್ಟರು. ಮರುಕಕ್ಕೆ ಮಂಜೂರಾತಿ ಬೇಕಾಗಿರಲಿಲ್ಲ, ಹಾಗಾಗಿ ಧಾರಾಳವಾಗಿ ಸಿಕ್ಕಿತು.

ಅಷ್ಟರಲ್ಲಿ ಅವಳನ್ನು ಕಚೇರಿ ಬಿಡುವ ಹಾಗೂ ಇರಲಿಲ್ಲ. ತಕ್ಕಡಿಗೆ ಮುದ್ರೆ ಹಾಕಿಸಿಕೊಳ್ಳಲು ಬಂದ ವ್ಯಾಪಾರಿಗಳಿಗೂ ನಿಯಮ ವಿಸ್ತರಣೆಯಾಗಿತ್ತು. ಯಾವುದಾದರೂ ಮೇಜಿನ ಮೇಲೆ ಕಡತ ನಿಂತರೆ ಅವಳು ಒಂದು ಸಲ ಗಂಟೆ ಬಾರಿಸುವಳು. ಬೆಂಚಿನ ಮೇಲಿದ್ದವರೆಲ್ಲ ಕಣ್ಣು ಮುಚ್ಚುವರು. ಕಡತ ಕದಲಿದಾಗ ಎರಡು ಸಲ. ವಿಳಂಬದ ದೂರುಗಳು ಒಂದೇ ವಾರದಲ್ಲಿ ಸೊನ್ನೆಗಿಳಿದವು. ತರಕಾರಿ ಮಾರುವ ಹೆಂಗಸೊಬ್ಬಳು ಕಾಯಿ ಟೊಮೇಟೊ ಬುಟ್ಟಿ ಹೊತ್ತು ಬಂದವಳು ಹಣ್ಣು ಟೊಮೇಟೊ ಹೊತ್ತು ಹೊರಟಳು. ಹೋಗುವಾಗ “ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಕೆಲಸ ಮಾಡಿಕೊಟ್ರಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಎಂದು ಹರಸಿದಳು. ಕೇಂದ್ರ ಕಚೇರಿಯಿಂದ ಮೆಚ್ಚುಗೆ ಬಂತು.

ಶಾಲೆ ತೆರೆಯುವ ದಿನ ಹತ್ತಿರವಾದಾಗ ಅಕ್ಕ ಪುಟ್ಟಿಯನ್ನು ಕರೆದುಕೊಂಡು ಕಚೇರಿಗೇ ಬಂದಳು. ತಂಗಿಯನ್ನು ಮೂಲೆಗೆ ಕರೆದು, ಅವಳ ಮುಖ ನೋಡದೆ ಹೇಳಿದಳು: “ಶಾಲೆಗೆ ಸೇರಿಸೋಕೆ ಅಮ್ಮ ಬರ್ಲೇಬೇಕಂತೆ ಕಣೇ. ನಿನಗೆ ಬರೋಕಾಗದಿದ್ರೆ ನಾನೇ ಅಮ್ಮ ಅಂತ ಹೇಳಿಬಿಡ್ತೀನಿ. ನೀನು ಬೇಜಾರು ಮಾಡ್ಕೋಬೇಡ.”

“ಇನ್ನೊಂದು ವಾರ ತಡಿ ಅಕ್ಕಾ.”

“ಎಷ್ಟು ವಾರ ಅಂತ ತಡೀಲೇ?”

ಬೆರಳಚ್ಚುಗಾರ್ತಿಗೆ ಅಳು ಒತ್ತರಿಸಿ ಬಂತು. ಆದರೆ ಆ ದಿನ ಹಳೆ ಅಳತೆ ವಿಭಾಗದ ಹೊಸ ನೌಕರರಿಗೆ ಪ್ರದರ್ಶನವಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತೂಕದ ಕಲ್ಲು ಕೈಗೆತ್ತಿಕೊಂಡಳು. ಪುಟ್ಟಿ ಸೀದಾ ಹೋಗಿ ಮೇಲ್ವಿಚಾರಕರ ಪಕ್ಕದಲ್ಲಿ ಬೆಂಚೇರಿ ಕುಳಿತಳು. ಕಣ್ಣಾಮುಚ್ಚಾಲೆ ಆಡುತ್ತಿದ್ದಾರೆ ಎಂದು ಅವಳಿಗೆ ಎಲ್ಲರಿಗಿಂತ ಮೊದಲೇ ಅರ್ಥವಾಗಿತ್ತು. ಠಣ್ ಎಂದರೆ ಅಂಗೈಯಲ್ಲಿ ಮುಖ ಮುಚ್ಚಿಕೊಳ್ಳುವಳು, ಠಣ್ ಠಣ್ ಎಂದರೆ ತೆರೆದು ನಗುವಳು. ಸಂಜೆ ಬೆಂಚಿನಲ್ಲಿ ಕೊನೆಯವರೆಗೂ ಕುಳಿತಿದ್ದವರಿಗೆಲ್ಲ ಹೆಡ್ ಗುಮಾಸ್ತರು ಪ್ರಮಾಣಪತ್ರ ಕೊಡುತ್ತಾ ಬಂದು, ನಿಯಮದಂತೆ ಪುಟ್ಟಿಗೂ ಒಂದು ಕೊಟ್ಟರು.

“ಅಯ್ಯೋ, ಅದು ಮಗು ಸಾರ್!” ಎಂದಳು ಅಕ್ಕ.

“ವಯಸ್ಸಿನ ಬಗ್ಗೆ ಸುತ್ತೋಲೆ ಏನೂ ಹೇಳಿಲ್ಲಮ್ಮ.”

ವಿಷಯ ಸಾಹೇಬರ ಮುಂದೆ ಹೋಯಿತು. ಅವರು ಕುಟುಂಬವೊಂದರ ಸಂಕಟಕ್ಕೆ ಕಲ್ಲಾಗುವ ಮನುಷ್ಯರಲ್ಲ. ಡ್ರಾಯರಿನಲ್ಲಿದ್ದ ಆದೇಶವನ್ನು ತರಿಸಿ ಓದಿದರು. “ಇಲ್ಲಿ ತಾಯಿ-ಮಗಳು ಒಂದೇ ಊರಲ್ಲಿರ್ಲಿ ಅಂತ ತಾನೇ ಬರೆದಿರೋದು? ಪ್ರಮಾಣಪತ್ರ ಇಲ್ಲದವರನ್ನ ಕಳಿಸೋ ಹಾಗಿಲ್ಲ. ಇರೋವರನ್ನ ಕರೆಸಿಕೊಳ್ಳಬಹುದಲ್ಲ.”

ಹೀಗೆ ಪುಟ್ಟಿಯನ್ನು ದೊಡ್ಡಮ್ಮನ ಮನೆಯಿಂದ ಈ ಊರಿಗೆ ವರ್ಗಾವಣೆ ಮಾಡಲಾಯಿತು. ವಸತಿಗೃಹದವರು ಮಕ್ಕಳಿಗೆ ಪ್ರವೇಶವಿಲ್ಲ ಎಂದು ಆಕ್ಷೇಪಿಸಿದರು. ವರ್ಗಾವಣೆಯಾಗಿ ಬಂದವರು ಮಕ್ಕಳಲ್ಲ ಎಂದು ಉತ್ತರ ಹೋಯಿತು. ಪ್ರಮಾಣಪತ್ರವಿದ್ದ ಪುಟ್ಟಿಗೆ ಕಿಟಕಿಯಿರುವ ಒಳ್ಳೆಯ ಕೋಣೆಯೇ ಸಿಕ್ಕಿತು. ಬೆರಳಚ್ಚುಗಾರ್ತಿಯನ್ನು ಮಗಳ ಅವಲಂಬಿತಳೆಂದು ನಮೂದಿಸಿ, ಮಗಳ ಕೋಣೆಯಲ್ಲಿ ಇರಲು ಅನುಮತಿ ಕೊಡಲಾಯಿತು. ಅಕ್ಕ ಪುಟ್ಟಿಯ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿಟ್ಟು, ಮಗುವಿನ ಕೆನ್ನೆ ಹಿಡಿದು ಗಳಗಳ ಅತ್ತು, ಬಸ್ಸು ಹತ್ತಿದಳು. ಅವಳ ಅಳುವನ್ನು ಯಾವ ವಿಭಾಗಕ್ಕೆ ಕಳಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ಈಗ ಪುಟ್ಟಿ ಶಾಲೆ ಬಿಟ್ಟ ಮೇಲೆ ಕಚೇರಿಗೆ ಬಂದು, ಬೆಂಚಿನಲ್ಲಿ ವ್ಯಾಪಾರಿಗಳ ನಡುವೆ ಕುಳಿತು, ಅವರ ಜೊತೆ ಕಣ್ಣು ಮುಚ್ಚಿ ತೆರೆಯುತ್ತಾಳೆ. ಒಂದು ಸಂಜೆ ಎದ್ದು ಬಂದು ತಟ್ಟೆಯ ಪಕ್ಕ ನಿಂತಳು.

“ನೀನು ಯಾಕೆ ಕಣ್ಣು ಮುಚ್ಚಲ್ಲ, ಚಿಕ್ಕಮ್ಮಾ?” ಎಂದವಳು ನಾಲಿಗೆ ಕಚ್ಚಿಕೊಂಡು, “ಅಮ್ಮಾ?” ಎಂದಳು.

“ನಾನೂ ಮುಚ್ಚಿದ್ರೆ ಗಂಟೆ ಹೊಡೆಯೋರು ಯಾರು ಪುಟ್ಟೀ?”

“ಮತ್ತೆ ಎಲ್ಲಾ ನಿಂತಿರೋದು ನಿನಗೊಬ್ಬಳಿಗೇ ಕಾಣುತ್ತಾ?”

“ಹೂಂ ಕಂದಾ.”

“ಪಾಪ” ಎಂದು ಮಗು ಅವಳ ಸೊಂಟವನ್ನು ತಬ್ಬಿಕೊಂಡಿತು. ಬೆರಳಚ್ಚುಗಾರ್ತಿ ಮಗಳ ನೆತ್ತಿಗೆ ಮುಖವೊತ್ತಿ, ಕಚೇರಿಯ ವೇಳೆಯಲ್ಲಿ ಮೊದಲ ಸಲ ಎರಡೂ ಕಣ್ಣು ಮುಚ್ಚಿದಳು. ಆಗ ಬೆಂಚಿನವರೆಲ್ಲ ಹಿಂದಿನ ಗಂಟೆಗೆ ಕಣ್ಣು ಮುಚ್ಚಿದ್ದರು. ಮುಂದಿನ ಗಂಟೆ ಬಾರದ ಕಾರಣ ಅವರು ಹಾಗೆಯೇ ಕುಳಿತರು, ಮೇಜುಗಳ ಹಿಂದಿನವರೂ ಅವರನ್ನು ನೋಡಿ ಕಣ್ಣು ಮುಚ್ಚಿದರು. ಕಚೇರಿ ಮುಚ್ಚುವ ವೇಳೆಯವರೆಗೆ ಯಾರೂ ಕಣ್ಣು ತೆರೆಯಲಿಲ್ಲ. ಆ ದಿನದ ವರದಿಯಲ್ಲಿ ಸಾಹೇಬರು, ಕಚೇರಿ ಇಷ್ಟು ಸರಾಗವಾಗಿ ಹಿಂದೆಂದೂ ನಡೆದಿರಲಿಲ್ಲ ಎಂದು ಬರೆಸಿದರು.